ವರ್ನೆಲಮ್ಮನ ಎದೆಪಟ್ಟಿ

ಅಧ್ಯಕ್ಷರ ಪ್ರಮಾಣವಚನದ ನೆನಪಿನ ವಸ್ತುಗಳೆಂದರೆ ಲಾಯ್ಡ್ ಪೆಟಿಗ್ರೂಗೆ ಪ್ರಾಣ. ಆಹ್ವಾನಪತ್ರ, ಪದಕ, ಔತಣದ ತಟ್ಟೆ, ಬಿಲ್ಲೆ ಎಲ್ಲ ವಾಷಿಂಗ್ಟನ್ನಿನ ಅವನ ಮನೆಯ ಗೋಡೆ ತುಂಬಿದ್ದವು. ಎಲ್ಲವೂ ಮುಂದಿನ ಸಾಲಿನಲ್ಲಿ ಕೂತವರವು. ಕಪ್ಪು ಜನ ಮೊದಲ ಬಾರಿಗೆ ಪ್ರಮಾಣವಚನದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ ೧೮೬೫ರ ರೇಷ್ಮೆ ಎದೆಪಟ್ಟಿಯೊಂದು ಮಾತ್ರ ದಕ್ಕಿರಲಿಲ್ಲ. ಅದು ನದಿಯಾಚೆ, ಕಪ್ಪು ಜನರ ಬಡಾವಣೆಯಾದ ಅನಕೋಸ್ಟಿಯಾದಲ್ಲಿ, ಮುದುಕಿ ವರ್ನೆಲ್ ಟಾಲಿವರಳ ಗಾಜಿನ ಬೀರುವಿನಲ್ಲಿತ್ತು. ಆಕೆಯ ಮುತ್ತಜ್ಜ ಎದೆಗೆ ಚುಚ್ಚಿಕೊಂಡು ನಡೆದದ್ದು.

"ಮಾರೋದಿಲ್ಲ ಕಣಪ್ಪಾ," ಎಂದಿದ್ದಳು, ಸಿಹಿಗೆಣಸಿನ ಪೈ ಮುಂದಿಡುತ್ತ. "ನಮ್ಮಜ್ಜನ್ನ ನಿನ್ನ ಗೋಡೆಗೆ ನೇತು ಹಾಕ್ತೀಯಾ? ನಿಮ್ಮೋರು ನಮ್ಮೋರನ್ನ ನೇತು ಹಾಕಿದ್ದು ಸಾಲ್ದಾ? ತಿನ್ನು, ಆರೋಗುತ್ತೆ."

ಅವನು ನಕ್ಕ. ಆ ನಗುವಿನ ಒಳಗೇ ಉಪಾಯ ಹುಟ್ಟಿತು.

ಭಾನುವಾರ ಆಕೆ ಚರ್ಚಿಗೆ ಹೋದರೆ ಊಟದ ಹೊತ್ತಿನವರೆಗೆ ಮರಳುವುದಿಲ್ಲ. ಇಡೀ ಬೀದಿಯೇ ಅಲ್ಲಿ ಹಾಡುತ್ತಿರುತ್ತದೆ. ಹಿಂಬಾಗಿಲ ಗಾಜು ಒಡೆಯಬೇಕು, ಖಾನೆಗಳನ್ನು ಕಿತ್ತು ನೆಲಕ್ಕೆ ಸುರಿಯಬೇಕು, ಟಿವಿಯನ್ನು ಒಯ್ದು ನದಿಗೆಸೆಯಬೇಕು. ಯಾವನೋ ನಶೆಯವನ ಕೆಲಸ ಎಂದು ನೋಡಿದವರು ಹೇಳಬೇಕು. ಪೊಲೀಸರು ಆ ಬೀದಿಯಾಚೆ ಹುಡುಕುವವರಲ್ಲ, ತಲೆತಲಾಂತರದಿಂದ ಹುಡುಕಿಲ್ಲ. ಆಕೆಯ ಅಕ್ಕನ ಮಗ ಡೆಸ್ಮಂಡ್ ಈಚೆಗಷ್ಟೇ ಜೈಲಿನಿಂದ ಬಂದಿದ್ದ. ಲಾಯ್ಡ್ ಅವನ ಹೆಸರನ್ನು ಯೋಜನೆಯಲ್ಲಿ ಸೇರಿಸಲಿಲ್ಲ. ಸೇರಿಸಬೇಕಾಗಿಲ್ಲವೆಂದು ಗೊತ್ತಿತ್ತು, ಅಷ್ಟೇ.

ಎಲ್ಲವೂ ಎಣಿಸಿದಂತೆಯೇ ನಡೆಯಿತು. ಅಂದು ಸಂಜೆಯೇ ಡೆಸ್ಮಂಡನಿಗೆ ಕೈಕೋಳ ಬಿತ್ತು.

ಲಾಯ್ಡನಿಗೆ ಊಟ ಸೇರಲಿಲ್ಲ. ಪಟ್ಟಿಯ ಅಂಚಿನ ಬೆವರಿನ ಕಲೆ ತನ್ನನ್ನೇ ನೋಡುತ್ತಿದೆ ಎನಿಸಿತು. ಗೋಡೆಗೆ ಹಾಕಲು ಕೈ ಏಳಲಿಲ್ಲ. ಡೆಸ್ಮಂಡನಿಗೆ ಒಳ್ಳೆಯ ವಕೀಲನನ್ನು ತಾನೇ ಹಿಡಿದುಕೊಡುತ್ತೇನೆ ಎಂದು ತನಗೇ ಹೇಳಿಕೊಂಡ. ಕದ್ದವನ ಔದಾರ್ಯ!

ಮರುದಿನ ಬೆಳಿಗ್ಗೆ ಸಮಾಧಾನ ಹೇಳಲು ಹೋದ. ಅಡುಗೆಮನೆಯಲ್ಲಿ ಪೊಲೀಸ್ ಅಧಿಕಾರಿಣಿ ಕೂತಿದ್ದಳು. ಕಳ್ಳ ಒಯ್ಯದೆ ಬಿಟ್ಟ, ಆಮೇಲಿನ ಮೆರವಣಿಗೆಗಳ ಎದೆಪಟ್ಟಿಗಳು ಕಿಟಕಿಯ ಬಿಸಿಲಲ್ಲಿ ಮೇಜಿನ ಮೇಲಿದ್ದವು.

"ಡೆಸ್ಮಂಡ್ ಅಲ್ಲ ಅಂತ ನನಗೊತ್ತು ಅಮ್ಮಾ," ಎಂದ ಲಾಯ್ಡ್. ಮೇಜಿನೆದುರು ಬಂದು ಕೂತ.

"ನಿನಗೆ ಗೊತ್ತಿರಲೇಬೇಕಲ್ಲಪ್ಪಾ."

ವರ್ನೆಲಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. ಮಾತಾಡುತ್ತಲೇ ಅವನ ಬೆರಳುಗಳು ಪಟ್ಟಿಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದವು. ಬಿಸಿಲಿಗೆ ಬಣ್ಣ ಹೋಗಬಾರದೆಂದು ಸಂಗ್ರಹಕಾರನ ಕೈ ಯಾರನ್ನೂ ಕೇಳದೆ ಮಾಡುವ ಕೆಲಸ. "ನೋಡ್ಕೊಳ್ಳವ್ವಾ," ಎಂದಳು ವರ್ನೆಲ್ ಅಧಿಕಾರಿಣಿಗೆ. "ಮನೆಯೆಲ್ಲ ಧೂಳೆಬ್ಬಿಸಿದ ಕಳ್ಳ ಇವನ್ನೂ ನೆಲಕ್ಕೆ ಸುರಿದ. ಆಮೇಲೆ ಹೀಗೇ ಬೋರಲು ಹಾಕಿ ಹೋದ. ರೇಷ್ಮೆ ಬಿಸಿಲಿಗೆ ಬಣ್ಣ ಬಿಡುತ್ತೆ ಅಂತ ನಮ್ಮ ಡೆಸ್ಮಂಡ್‌ಗೆ ಜೈಲಲ್ಲಿ ಹೇಳಿಕೊಟ್ಟಿದ್ರಾ?"