ಆರನೇ ಮಹಡಿ ಭರ್ತಿ

"ಏನು ಬೇಕಾದ್ರೂ ಬರ್ಕೋ. ಆರನೇ ಮಹಡಿ ಖಾಲಿ ಅಂತ ಮಾತ್ರ ಬರೀಬೇಡ."

ದೊಡ್ಡಣ್ಣ ಇದನ್ನು ಹೇಳಿದ್ದು ಕಟ್ಟಡದ ಮೆಟ್ಟಿಲ ಬುಡದಲ್ಲಿ, ಆಚೀಚೆ ನೋಡಿಕೊಂಡು. ಟೇಪು ಕಿಸಕ್ಕನೆ ನಕ್ಕ.

"ಯಾಕೆ ದೊಡ್ಡಣ್ಣ, ದೆವ್ವ ಬಾಡಿಗೆಗಿದೆಯಾ?"

"ಒಬ್ರು ಕೂತಿದಾರೆ. ಇಪ್ಪತ್ತೆರಡು ವರ್ಷದಿಂದ ನಾನು ಭರ್ತಿ ಅಂತಲೇ ಬರೀತಿದೀನಿ. ನೀನೂ ಹಾಗೇ ಬರಿ."

"ಅವರ ಹತ್ರ ಕರಾರುಪತ್ರ ಇದೆಯಾ?"

"ಇಲ್ಲ."

"ಹಾಗಾದ್ರೆ ಮನುಷ್ಯನೂ ಇಲ್ಲ."

ದೊಡ್ಡಣ್ಣ ವಾದ ಮಾಡಲಿಲ್ಲ. ಟೇಪುವಿನ ಹೆಗಲ ಮೇಲೆ ಬಿದ್ದಿದ್ದ ಕೂದಲೊಂದನ್ನು ಎರಡು ಬೆರಳಲ್ಲಿ ಎತ್ತಿಕೊಂಡು, "ಈ ವಯಸ್ಸಿಗೇ ಉದುರ್ತಿದೆಯಲ್ಲೋ, ಎಣ್ಣೆ ಗಿಣ್ಣೆ ಹಚ್ಕೋ" ಅಂದು ಹೊರಟುಹೋದ.

ಊರಿನ ಕಚೇರಿ ಕಟ್ಟಡಗಳಲ್ಲಿ ಎಷ್ಟು ಜಾಗ ಭರ್ತಿ, ಎಷ್ಟು ಖಾಲಿ, ಬಾಡಿಗೆ ಏರಿತೋ ಇಳಿಯಿತೋ ಅಂತ ಮೂರು ತಿಂಗಳಿಗೊಮ್ಮೆ ವರದಿ ಹೊರಡಿಸುವ ಸಂಸ್ಥೆ ಇವರದು. ಆ ವರದಿ ನೋಡಿಯೇ ಕಂಪನಿಗಳು ಗಂಟುಮೂಟೆ ಕಟ್ಟುತ್ತವೆ, ಆ ವರದಿ ನೋಡಿಯೇ ಮಾಲೀಕರು ಹಳೇ ಬಾಡಿಗೆದಾರರ ಕುತ್ತಿಗೆಗೆ ಕೈ ಹಾಕುತ್ತಾರೆ. ಹಳೇ ಬೀದಿಯ ಕಟ್ಟಡಗಳನ್ನೆಲ್ಲ ಹತ್ತಿ ಇಳಿದು ಪಟ್ಟಿ ಮಾಡುತ್ತಿದ್ದ ದೊಡ್ಡಣ್ಣನಿಗೆ ಇನ್ನೆರಡು ವಾರಕ್ಕೆ ನಿವೃತ್ತಿ. ಅವನ ಜಾಗಕ್ಕೆ ಬಂದವನೇ ಟೇಪು. ಹೆಸರು ಬೇರೆ ಇತ್ತು, ಆದರೆ ಜೇಬಲ್ಲಿ ಸದಾ ಅಳತೆಯ ಲೇಸರ್ ಇಟ್ಟುಕೊಂಡು ಕಂಡದ್ದನ್ನೆಲ್ಲ ಅಳೆಯುವವನಿಗೆ ಕಚೇರಿಯವರು ಇಟ್ಟದ್ದು ಈ ಹೆಸರು. ಮನೆಗೆ ಹೋದರೂ ಅದೇ ಆಟ. ಐದು ವರ್ಷದ ಮಗಳು ಪುಟ್ಟಿ ಗೋಡೆಗೆ ಬೆನ್ನು ಕೊಟ್ಟು ಅಂಗೈ ಚಾಚಿ ನಿಲ್ಲುತ್ತಿದ್ದಳು. ಇವನು ಗುಂಡಿ ಒತ್ತಿದರೆ ಕೆಂಪು ಚುಕ್ಕಿ ಅವಳ ಅಂಗೈ ಮೇಲೆ ಬೀಳುತ್ತಿತ್ತು. "ಅಪ್ಪನಿಂದ ಪುಟ್ಟಿಗೆ ಎರಡು ಮೀಟರ್!" ಅಂತ ಕೂಗಿ ಓಡಿಬಂದು ತೆಕ್ಕೆಗೆ ಬೀಳುತ್ತಿದ್ದಳು. ಅವನ ದಿನ ಪೂರ್ತಿಯಾಗುತ್ತಿದ್ದದ್ದೇ ಆ ಗಳಿಗೆಯಲ್ಲಿ.

ಆರನೇ ಮಹಡಿಗೆ ಅವನು ಹತ್ತಿದ್ದು ಹಾಡಹಗಲು ಹನ್ನೊಂದು ಗಂಟೆಗೆ. ಲಿಫ್ಟು ಐದಕ್ಕೇ ನಿಲ್ಲುತ್ತಿತ್ತು. ಅಲ್ಲಿಂದ ಮೆಟ್ಟಿಲು. ಬಾಗಿಲು ತಳ್ಳಿದೊಡನೆ ಕರಗಿದ ಮೇಣದ ವಾಸನೆ, ಅದರಡಿಗೆ ಹಳಸಿದ ಶಾಯಿಯ ಕಮಟು. ಕಿಟಕಿಗಳಿಗೆಲ್ಲ ಕಾಗದ ಅಂಟಿಸಿದ್ದರಿಂದ ಹೊರಗಿನ ಬಿಸಿಲು ಒಳಗೆ ಬರುವಷ್ಟರಲ್ಲಿ ಕೊಳಕು ನೀರಿನ ಬಣ್ಣಕ್ಕೆ ತಿರುಗಿತ್ತು. ಅಷ್ಟಗಲದ ಮಹಡಿ, ನಡುವೆ ಒಂದೇ ಕಂಬ. ಕಂಬದ ಪಕ್ಕ ನಕ್ಷೆ ಬರೆಯುವ ಓರೆ ಮೇಜು. ಮೇಜಿಗೆ ಬಾಗಿದ ಒಂದು ಬೆನ್ನು.

ಸರ್ರ್... ಸರ್ರ್... ಪೆನ್ಸಿಲು ಗೀಟೆಳೆಯುವ ಸದ್ದು.

"ಯಾರ್ರೀ ನೀವು?"

ಬೆನ್ನು ತಿರುಗಲಿಲ್ಲ. ಟೇಪುವಿನ ತೋಳಿನ ರೋಮ ನಿಂತವು. ಆ ಹೆದರಿಕೆಯ ಮೇಲೇ ಅವನಿಗೆ ಸಿಟ್ಟು ಬಂತು. ಬಾಡಿಗೆ ಇಲ್ಲ, ಪತ್ರ ಇಲ್ಲ, ಬಿಟ್ಟಿ ಬಂದು ಠಿಕಾಣಿ ಹೂಡಿದಾನೆ ಮುದುಕ! ಅಲ್ಲೇ ಬಾಗಿಲಲ್ಲಿ ನಿಂತು, ಆ ಬೆನ್ನನ್ನು ಕಣ್ಣಾರೆ ನೋಡುತ್ತಲೇ, ಪಟ್ಟಿಯಲ್ಲಿ ಬರೆದ: ಆರನೇ ಮಹಡಿ, ಖಾಲಿ.

ಪೆನ್ಸಿಲಿನ ಸದ್ದು ನಿಂತಿತು. ಬೇರೊಂದು ಸದ್ದು ಶುರುವಾಯಿತು. ರಬ್ಬರಿನಿಂದ ಉಜ್ಜುವ ಸದ್ದು.

ವರದಿ ಶನಿವಾರ ಹೊರಬಿತ್ತು. ಹಳೇ ಬೀದಿಯಲ್ಲಿ ಖಾಲಿ ಜಾಗ ಹೆಚ್ಚುತ್ತಿದೆ, ಕಂಪನಿಗಳು ಹೊಸ ಗಾಜಿನ ಕಟ್ಟಡಗಳತ್ತ ಮುಖ ಮಾಡಿವೆ, ಮುಂದಿನ ಮೂರು ತಿಂಗಳೂ ಇದೇ ಗತಿ ಅಂತ ಟೇಪು ಚೆನ್ನಾಗಿಯೇ ಬರೆದಿದ್ದ. ಮೇಲಿನವರು ಬೆನ್ನು ತಟ್ಟಿದರು. ಅದೇ ದಿನ ದೊಡ್ಡಣ್ಣ, ಎರಡು ವಾರ ಮೊದಲೇ, ಯಾರಿಗೂ ಹೇಳದೆ ಕೆಲಸ ಬಿಟ್ಟು ಮನೆಗೆ ಹೋಗಿದ್ದ.

ಭಾನುವಾರ ಬೆಳಿಗ್ಗೆ ಪುಟ್ಟಿ ಗೋಡೆಗೆ ಬೆನ್ನು ಕೊಟ್ಟು ಅಂಗೈ ಚಾಚಿದಳು. ಟೇಪು ಗುಂಡಿ ಒತ್ತಿದ.

ಚುಕ್ಕಿ ಅಂಗೈ ಮೇಲೆ ಬೀಳಲಿಲ್ಲ. ಅವಳ ಹಿಂದಿನ ಗೋಡೆಯ ಮೇಲೆ ಬಿತ್ತು.

ಗುರಿ ತಪ್ಪಿರಬೇಕು ಅಂದುಕೊಂಡು ಹತ್ತಿರ ಸರಿದು ಎದೆಗೇ ನೇರ ಹಿಡಿದ. ಚುಕ್ಕಿ ಮಗುವನ್ನು ಹಾದು ಗೋಡೆ ಮುಟ್ಟಿತು. ಉಪಕರಣದ ಲೆಕ್ಕದಲ್ಲಿ ನಡುವೆ ಏನೂ ಇರಲಿಲ್ಲ.

"ಎಷ್ಟಪ್ಪಾ?" ಅಂದಳು ಪುಟ್ಟಿ. ಮಾತು ಸಾಮಾನಿಲ್ಲದ ಕೋಣೆಯಲ್ಲಿ ಮೊಳಗುವ ಹಾಗೆ ಮೊಳಗಿತು. ಎಲ್ಲಿಂದಲೋ ಮೇಣದ ವಾಸನೆ.

"ಏ, ಬಾರೇ ಇಲ್ಲಿ!" ಟೇಪು ಹೆಂಡತಿಯನ್ನು ಕೂಗಿದ.

"ಏನ್ರೀ ಹಂಗೆ ಕಿರುಚ್ತೀರ? ಎದುರಿಗೇ ನಿಂತಿದೀನಲ್ಲ!"

ಎದುರಿಗೆ ಅಡುಗೆಮನೆಯ ಬಾಗಿಲಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಹೆಂಡತಿ ಇರಲಿಲ್ಲ. ಕೈ ಚಾಚಿದ. ಬರೀ ಗಾಳಿ. ತಿರುಗಿ ಮಗಳನ್ನು ನೋಡಿದ. ಅವಳ ಪಾದಗಳಿರಲಿಲ್ಲ. ನೋಡುತ್ತಿದ್ದ ಹಾಗೇ ಮೊಣಕಾಲೂ ಮಸುಕಾಯಿತು, ಯಾರೋ ಉಜ್ಜಿದ ಹಾಗೆ. ನೋಡಿದಷ್ಟೂ ಅಳಿಯುತ್ತಿತ್ತು. ಅವನು ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡು, ಇನ್ನೊಂದರಿಂದ ಗೋಡೆ ತಡವಿಕೊಂಡು ಹೊರಗೆ ಓಡಿದ. ಹಿಂದಿನಿಂದ ಮಗಳು "ಅಪ್ಪಾ, ಎಷ್ಟು ಮೀಟರ್?" ಅನ್ನುತ್ತಲೇ ಇದ್ದಳು.

ಆರನೇ ಮಹಡಿಯ ಮೆಟ್ಟಿಲು ಹತ್ತುತ್ತ ಅವನು ದೊಡ್ಡಣ್ಣನಿಗೆ ಫೋನ್ ಹಚ್ಚಿದ.

"ಏನು ಮಾಡಿಬಿಟ್ರಿ ದೊಡ್ಡಣ್ಣ? ಏನಿದು?"

ಆ ಕಡೆ ಒಂದು ನಿಟ್ಟುಸಿರು. "ಮಾಟ ಕಣೋ. ಆ ನಕ್ಷೆಯವನು ಮೂವತ್ತು ವರ್ಷ ಅಲ್ಲೇ ಇದ್ದ. ಅವನನ್ನ ಎಬ್ಬಿಸ್ಬೇಕಿತ್ತು, ಮಾಲೀಕ ಹೇಳ್ದ, ನಾನು ಖಾಲಿ ಅಂತ ಬರ್ದೆ. ಅವನು ಅಲ್ಲೇ ಕೂತಿದ್ದ, ನೋಡ್ತಾ ನೋಡ್ತಾ ಬರ್ದೆ. ಬೀಗ ಒಡೆದು ಬೀದಿಗೆ ಎಸೆದ್ರು. ಹೋಗೋ ಮುಂಚೆ ನನ್ನ ಕೂದಲು ಕಂಬದ ತೂತಿಗೆ ತುರುಕಿ ಮೇಣ ಮೆತ್ತಿದ. ಕೂತವನು ನಿನ್ನ ಕಣ್ಣಿಗೆ ಕಾಣಲಿಲ್ಲ ಅಲ್ವಾ, ನಿನ್ನವರೂ ಕಾಣದೆ ಹೋಗ್ಲಿ ಅಂದ. ವಾರ ತುಂಬೋ ಮುಂಚೆ ಸತ್ತ. ಸತ್ತು ವಾಪಸ್ ಬಂದು ಕೂತ."

"ನನಗ್ಯಾಕೆ? ನನಗ್ಯಾಕೆ ದೊಡ್ಡಣ್ಣ?"

"ಬೇಡ ಅಂದಿದ್ನಲ್ಲಪ್ಪ."

ಟೇಪು ಮೆಟ್ಟಿಲ ಮೇಲೆ ನಿಂತುಬಿಟ್ಟ. ಹೆಗಲ ಮೇಲಿನ ಕೂದಲು ನೆನಪಾಯಿತು.

"ನಾನು ಬರೀಲಿ ಅಂತಲೇ ಬೇಡ ಅಂದ್ರಿ!"

ಆ ಕಡೆ ಪಾತ್ರೆಯ ಸದ್ದು, ಯಾರೋ ಹೆಂಗಸಿನ ಕೆಮ್ಮು. ಆಮೇಲೆ ದೊಡ್ಡಣ್ಣ ಅಳುತ್ತಿರುವುದು ಕೇಳಿಸಿತು. "ಇನ್ನೊಬ್ಬನ ಕೂದಲು ಅಲ್ಲಿ ಮೆತ್ತಿ, ಅವನೂ ಖಾಲಿ ಅಂತ ಬರೆದ್ರೇನೇ ನನಗೆ ಬಿಡುಗಡೆ. ಇಪ್ಪತ್ತೆರಡು ವರ್ಷದ ಮೇಲೆ ನಿನ್ನೆ ನನ್ನ ಹೆಂಡ್ತಿ ಮುಖ ನೋಡ್ದೆ ಮಾರಾಯ. ಮುದುಕಿ ಆಗಿಬಿಟ್ಟಿದಾಳೆ. ಕಂಬದ ಹತ್ರ ಕುರ್ಚಿ ಇದೆ. ಹೋಗಿ ಕೂತ್ಕೋ. ರಾತ್ರಿಯೆಲ್ಲ ಅಲ್ಲೇ ಇದ್ರೆ, ಅವರ ಕಡೆ ಕಣ್ಣು ಹಾಯಿಸದೆ ಇದ್ರೆ, ಅವರು ಉಳೀತಾರೆ."

ಬಾಗಿಲು ತೆರೆದೇ ಇತ್ತು. ವಾಸನೆ ಮೂಗಿಗೆ ರಾಚಿತು. ಕಂಬದ ತೂತಿನಲ್ಲಿ ಹೊಸದಾಗಿ ಮೆತ್ತಿದ ಮೇಣ, ಅದರಿಂದ ಇಣುಕುವ ತನ್ನದೇ ಕೂದಲು. ಉಗುರಿಂದ ಕೆರೆದ. ಕಲ್ಲಾಗಿತ್ತು. ಬೀಗದ ಕೈಯಿಂದ ಚುಚ್ಚಿದ. ಬೀಗದ ಕೈಯೇ ಬಾಗಿತು. ಮೇಜಿನ ಕಡೆ ತಿರುಗಿದ. ಬೆನ್ನು ಬಾಗಿಯೇ ಇತ್ತು. ಉಜ್ಜುತ್ತಿತ್ತು. ಮೇಜಿನ ಮೇಲೆ ನಕ್ಷೆ. ಅವನದೇ ಮನೆಯ ನಕ್ಷೆ. ಅಡುಗೆಮನೆ ಆಗಲೇ ಅಳಿದಿತ್ತು. ಪುಟ್ಟಿಯ ಪುಟ್ಟ ಮಂಚ ಅರ್ಧ ಅಳಿದಿತ್ತು. ರಬ್ಬರು ಅತ್ತ ಹೋಯಿತು, ಇತ್ತ ಬಂತು. ಆ ಕೈ ಹಿಡಿಯಲು ಹೋದ. ಐಸಿನಷ್ಟು ತಣ್ಣಗಿತ್ತು. ನಿಲ್ಲಲಿಲ್ಲ. ದಿಂಬು ಉಳಿಯಿತು. ದಿಂಬೂ ಅಳಿಯತೊಡಗಿತು.

"ಕೂತೆ! ಕೂತೆ ಕಣಯ್ಯಾ! ಕೂತೆ!"

ಕುರ್ಚಿಯ ಮೇಲೆ ದೊಡ್ಡಣ್ಣ ಬಿಟ್ಟುಹೋದ ಮೆತ್ತೆ ಇನ್ನೂ ಬೆಚ್ಚಗಿತ್ತು. ರಬ್ಬರು ನಿಂತಿತು. ಸ್ವಲ್ಪ ಹೊತ್ತಿಗೆ ಪೆನ್ಸಿಲು ಮಂಚವನ್ನು ಮತ್ತೆ ಬರೆಯಿತು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಅಪ್ಪಾ, ಎಲ್ಲಿಗೆ ಓಡಿಹೋದೆ? ಅಮ್ಮ ಬೈತಿದಾಳೆ. ಯಾವಾಗ ಬರ್ತೀಯ?"

ಅವನು ಗೊಳೋ ಅಂತ ಅತ್ತುಬಿಟ್ಟ.

ವರ್ಷವಾಯಿತು. ಕೆಲಸಕ್ಕೆ ಅಂತ ಊರೆಲ್ಲ ತಿರುಗುತ್ತಾನೆ, ಮಲಗುವುದಕ್ಕೆ ಆರನೇ ಮಹಡಿಗೇ ಬರುತ್ತಾನೆ. ಅವನು ಬೇರೆ ಸಂಸಾರ ಮಾಡಿಕೊಂಡಿದಾನೆ ಅಂತ ಹೆಂಡತಿ ನಂಬಿದ್ದಾಳೆ. ಫೋನಿನಲ್ಲಿ ಬೇಕಾದ್ದಕ್ಕಷ್ಟೇ ಮಾತಾಡುತ್ತಾಳೆ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆಯಂತೆ, ಮಾತಿನಲ್ಲಿ ಗಾಳಿ ನುಗ್ಗುತ್ತದೆ. ಆ ಖಾಲಿ ವಸಡನ್ನು ಒಮ್ಮೆ ನೋಡಬೇಕು ಅನ್ನುವ ಆಸೆಗೆ ಅವನು ಕುರ್ಚಿಯ ಕೈ ಕಚ್ಚುತ್ತಾನೆ. ಬೀದಿಯ ಕಟ್ಟಡಗಳೆಲ್ಲ ಒಂದೊಂದಾಗಿ ಬರಿದಾದವು. ಮೂರು ತಿಂಗಳಿಗೊಮ್ಮೆ ಅವನು ಖಾಲಿ, ಖಾಲಿ, ಖಾಲಿ ಅಂತ ಬರೆದುಕೊಂಡು ಹೋಗಿ ಒಂದು ಕಡೆ ಮಾತ್ರ ಭರ್ತಿ ಅಂತ ಬರೆಯುತ್ತಾನೆ.

ಮೊನ್ನೆ ಸಂಸ್ಥೆಗೆ ಹೊಸ ಹುಡುಗಿಯೊಬ್ಬಳು ಸೇರಿದಳು. ಚುರುಕು, ಬಾಯಿ ಜೋರು, ಯಾವುದನ್ನೂ ಸುಮ್ಮನೆ ನಂಬುವವಳಲ್ಲ. ಹಳೇ ಬೀದಿಯನ್ನು ಅವಳಿಗೆ ತೋರಿಸಿಕೊಡು ಅಂದರು. ಏನನ್ನೂ ಹೇಳಕೂಡದು, ಆರನೇ ಮಹಡಿಯನ್ನು ಅವಳ ಕಣ್ಣಿಗೇ ಬೀಳಿಸಕೂಡದು ಅಂತ ಟೇಪು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಮೆಟ್ಟಿಲ ಬುಡದಲ್ಲಿ ಅವಳು ಸಮಯ ನೋಡಲು ಫೋನು ತೆಗೆದಳು. ಪರದೆಯ ಮೇಲೆ ಬೊಚ್ಚುಬಾಯಿ ಬಿಟ್ಟು ನಗುವ ಕೂಸು.

"ನಿಮ್ಮದೇ ಮಗುನಾ?"

"ಹೂಂ, ಎಂಟು ತಿಂಗಳು. ಬಿಟ್ಟು ಬರೋಕೆ ಮನಸ್ಸೇ ಬರಲ್ಲ."

ಟೇಪು ಮುಖ ಆ ಕಡೆ ತಿರುಗಿಸಿಕೊಂಡ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. "ಅಪ್ಪಾ, ಇವತ್ತಾದ್ರೂ ಬರ್ತೀಯಾ?"

ಹುಡುಗಿಯ ಹೆಗಲ ಮೇಲೆ ಉದ್ದನೆಯ ಕೂದಲೊಂದು ಬಿದ್ದಿತ್ತು. ಟೇಪು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡ.

"ಒಂದು ಮಾತು ಹೇಳ್ತೀನಿ, ನಗಬೇಡಿ. ಏನು ಬೇಕಾದ್ರೂ ಬರ್ಕೊಳ್ಳಿ. ಆರನೇ ಮಹಡಿ ಖಾಲಿ ಅಂತ ಮಾತ್ರ ಬರೀಬೇಡಿ."

ಅವಳು ನಕ್ಕಳು.