ಬೇಡ ಅನ್ನಲು ಕಲಿಯುತ್ತಿದ್ದ ಗಾಡಿಯವನು

ಥಾಯ್ಲೆಂಡಿನ ಲಂಪಾಂಗ್ ಊರಿನ ಆ ಓಣಿಗೆ ಕುದುರೆ ತಾನಾಗಿಯೇ ತಿರುಗಿತು. ಬುವಾಳ ನೂಡಲ್ಸ್ ಅಂಗಡಿಯ ಮುಂದೆ ನಿಂತು, ಎಂದಿನಂತೆ ಅವಳ ಕೈಯ ಬಾಳೆಹಣ್ಣಿಗೆ ಕತ್ತು ಚಾಚಿತು.

ಬುವಾ ತಲೆಯೆತ್ತಿ ನೋಡಿದಳು. ಗಾಡಿಯ ಮೇಲೆ ಕ್ಲಾ! ಹೊಸವರ್ಷದ ಸೋಂಗ್‌ಕ್ರಾನ್ ಹಬ್ಬದ ನೀರಾಟದ ದಿನ ಮದುವೆಯ ಮಾತಾಡಿ ಹೋದವನು ಕಣ್ಣಿಗೆ ಬಿದ್ದದ್ದು ಇವತ್ತೇ. ಎಷ್ಟು ಸೊರಗಿದ್ದಾನೆ...

"ಕ್ಲಾ..."

ಅವನು ತಲೆಯೆತ್ತಲಿಲ್ಲ. ಲಗಾಮು ಜಗ್ಗಿ, ಕುದುರೆಯನ್ನು ಬಲವಂತವಾಗಿ ತಿರುಗಿಸಿಕೊಂಡು ಹೊರಟೇ ಹೋದ.

ಕುದುರೆಗಿರುವಷ್ಟು ನೆನಪೂ ಇವನಿಗಿಲ್ಲವೇ? ಬುವಾಳ ಕೈಯಲ್ಲಿ ಹಣ್ಣು ಹಾಗೇ ಉಳಿಯಿತು.

ಪಕ್ಕದ ಪರವಾನಗಿ ಇದ್ದ ಗಾಂಜಾ ಅಂಗಡಿಯ ಟೋಂಗ್ ಹಲ್ಲು ಕಿರಿದ. "ಬಿಡು, ಬೇರೆ ಯಾರೋ ಸಿಕ್ಕಿರ್ಬೇಕು. ನನ್ನ ಅಂಗಡಿಗೂ ಬರ್ತಿಲ್ಲ. ಮಂಗಳವಾರ ಬಂದ್ರೆ ಆಸ್ಪತ್ರೆ ಹಿಂದಿನ ಕೋಣೇಲಿರ್ತಾನಂತೆ. ಅಲ್ಲೊಬ್ಬಳು ಇದ್ದಾಳಂತೆ."

ಮಂಗಳವಾರ ಬುವಾ ಅಂಗಡಿ ಮುಚ್ಚಿ ನೇರ ಅಲ್ಲಿಗೇ ಹೋದಳು. ಕ್ಲಾನ ಎದುರು ಕನ್ನಡಕದ ಹೆಂಗಸೊಬ್ಬರು ಕುಳಿತಿದ್ದರು.

"ಇವನಿಗೆ ಸಿಕ್ಕಿರೋಳು ಯಾರು ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

"ನಾನೇ ಕಣಮ್ಮ, ಸುನೀ," ಎಂದು ಅವರು ನಕ್ಕರು. "ಮೊಮ್ಮಕ್ಕಳಿದಾರೆ, ಪರವಾಗಿಲ್ವಾ? ಗಾಂಜಾ ಬಿಡೋರಿಗೆ ಇಲ್ಲಿ ದಾರಿ ಹೇಳಿಕೊಡ್ತೀನಿ."

ಬುವಾ ನಾಚಿಕೆಯಿಂದ ಕುಗ್ಗಿಹೋದಳು. ಕ್ಲಾ ಮೆಲ್ಲಗೆ ಬಾಯಿಬಿಟ್ಟ.

"ಸೇದಿದ ಜಾಗ, ಜೊತೇಲಿ ಸೇದಿದೋರು, ಎಲ್ಲದರಿಂದ ಸ್ವಲ್ಪ ದಿನ ದೂರ ಇರು ಅಂದ್ರು ಸುನೀ ಅಕ್ಕ. ಟೋಂಗ್ ಅಂಗಡಿ ದಾಟದೆ ನಿನ್ನ ಹತ್ರ ಹೇಗೆ ಬರ್ಲಿ? ಆ ವಾಸನೆ ಬಂದ್ರೆ ಕೈ ನಡುಗುತ್ತೆ ಬುವಾ."

"ನಂಗೊಂದು ಮಾತು ಹೇಳ್ಬಹುದಿತ್ತು."

"ಬಿಡ್ತೀನಿ ಅಂತ ನಿನಗೆ ಮೊದಲೂ ಮಾತು ಕೊಟ್ಟಿದ್ದೆ, ಮುರಿದೆ. ಮತ್ತೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

ತನ್ನನ್ನು ಬಿಟ್ಟಿರಲಿಲ್ಲ ಅವನು! ಆ ಹಾಳು ಓಣಿಯನ್ನು ಬಿಟ್ಟಿದ್ದ. ಬುವಾಳ ಸಿಟ್ಟೆಲ್ಲ ಕರಗಿತು.

ಸುನೀ ಕುರ್ಚಿ ಎಳೆದು ಕೊಟ್ಟರು. "ದೂರ ಇರೋದು ಕಲಿತಾಯ್ತು. ಇನ್ನು ಎದುರು ನಿಂತು ಬೇಡ ಅನ್ನೋದು ಕಲೀಬೇಕು. ನನಗಂತೂ ಟೋಂಗ್ ಪಾತ್ರ ಮಾಡಿ ಮಾಡಿ ಸಾಕಾಯ್ತು. ಇವತ್ತು ನೀನು ಮಾಡು."

ಬುವಾ ಟೋಂಗನ ಹಾಗೇ ಹಲ್ಲು ಕಿರಿದಳು. "ಏನಪ್ಪ ದೊಡ್ಮನುಷ್ಯ, ಮರೆತೇಬಿಟ್ಯಾ? ಬಾ, ಒಂದೇ ದಮ್ಮು."

"ಬೇಡ."

"ಗಂಟಲಲ್ಲೇ ಉಳೀತು," ಎಂದರು ಸುನೀ. "ಕಣ್ಣು ನೋಡಿ ಹೇಳು."

ಬುವಾ ಇನ್ನೂ ಹತ್ತಿರ ಬಾಗಿದಳು. "ಯಾರಿಗೆ ಗೊತ್ತಾಗುತ್ತೆ? ಬುವಾಗೆ ನಾನೇನೂ ಹೇಳಲ್ಲ."

ಕ್ಲಾ ತಲೆಯೆತ್ತಿದ. "ಬೇಡ ಟೋಂಗ್. ಅವಳಿಗೆ ಗೊತ್ತಾಗದಿದ್ರೂ ನಂಗೆ ಗೊತ್ತಾಗುತ್ತೆ."

ಬುವಾಳ ಕಣ್ಣು ತುಂಬಿತು. ಸುನೀ ಟೀ ತರುವ ನೆಪದಲ್ಲಿ ಎದ್ದು ಹೋದರು.

"ಮತ್ತೆ... ನಾನು?" ಬುವಾ ಟೋಂಗನನ್ನು ಮರೆತು ಕೇಳಿದಳು. "ನಾನೂ ಬೇಡವಾ?"

"ಇದಕ್ಕೆ ಬೇಡ ಅನ್ನೋದನ್ನ ಅಕ್ಕ ಹೇಳಿಕೊಟ್ಟಿಲ್ಲ."

ಹೊರಗೆ ಕುದುರೆ ಕಾಯುತ್ತಿತ್ತು. ಬುವಾ ಗಾಡಿ ಹತ್ತಿ ಅವನ ಪಕ್ಕದಲ್ಲೇ ಕುಳಿತಳು.

"ನಾಳೆಯಿಂದ ಓಣಿ ತುದೀಲಿ ನಾನು ಕಾಯ್ತೀನಿ. ಟೋಂಗ್ ಅಂಗಡಿ ದಾಟೋವರೆಗೂ ಹೀಗೇ ಪಕ್ಕದಲ್ಲಿರ್ತೀನಿ."

"ಆ ವಾಸನೆಗೆ ಕೈ ನಡುಗಿದ್ರೆ?"

"ನನಗೆ ಕೊಡು."

"ಲಗಾಮನ್ನಾ?"

"ಕೈಯನ್ನ."