ಮೊರದಲ್ಲಿದ್ದ ಗಿಲಕಿ

"ಊರೊಳಕ್ಕೆ ಓಗಿ ಬನ್ನಿ ಮೇಡಮ್, ಬ್ಯಾಡ ಅನ್ನಲ್ಲ. ಆದ್ರೆ ಅಲ್ಲಿರೋದೇನೂ ಮುಟ್ಬ್ಯಾಡಿ," ಎಂದ ದೋಣಿಯ ಚಲುವಯ್ಯ. ಹುಟ್ಟು ಹಾಕುತ್ತಲೇ ಹೇಳಿದ, ನಂದಿತಾಳ ಮುಖ ಮಾತ್ರ ನೋಡಲಿಲ್ಲ.

ನಂದಿತಾ ನಕ್ಕಳು. ಮೈಸೂರಿನಿಂದ ರಜೆಗೆ ಬಂದವಳಿಗೆ ಕಬಿನಿ ಹಿನ್ನೀರಿನ ಈ ನಡುಗಡ್ಡೆ, ಅದರ ತುದಿಯ ರೆಸಾರ್ಟು, ಬಿಸಿಲು, ಎಲ್ಲ ಹಿಡಿಸಿತ್ತು. ಇಂಥ ಹೆದರಿಕೆಯ ಮಾತೂ ಊಟ ತಿಂಡಿಯ ಜೊತೆ ಸೇರಿಯೇ ಬರುತ್ತದೆ ಎಂದುಕೊಂಡಳು. ಮುಟ್ಟಿದರೆ ಕಚ್ಚುತ್ತದಾ ಎಂದು ಕೆಣಕಿದಳು. ಚಲುವಯ್ಯ ಹುಟ್ಟನ್ನು ಇನ್ನೂ ಜೋರಾಗಿ ಎಳೆದ.

ದಾರಿಯುದ್ದಕ್ಕೂ ಮಾತಾಡಿದ್ದೆಲ್ಲ ನಂದಿತಾಳ ಮಗಳು ಚಿನ್ನು. ಬಾಯಿ ಎಂದರೆ ಬೊಂಬಾಯಿ. ಮೀನಿಗೆ ಚಳಿಯಾಗಲ್ವಾ, ನೀರಿನ ಕೆಳಗೆ ಯಾರ ಮನೆ ಇದೆ, ಬಾತುಕೋಳಿಗೆ ಅಮ್ಮ ಇದ್ದಾಳಾ. ಗಂಡ ತೀರಿಕೊಂಡ ಮೇಲೆ ನಂದಿತಾಳ ಮನೆಯಲ್ಲಿ ಉಳಿದಿದ್ದ ಸದ್ದು ಅದೊಂದೇ. ಅವಳು ಉಸಿರಾಡುತ್ತಿದ್ದುದೇ ಆ ಮಾತಿನ ಮೇಲೆ. ಚಲುವಯ್ಯನೂ ಅದನ್ನು ಹಸಿದವನಂತೆ ಕೇಳುತ್ತಿದ್ದ.

ದಡದಿಂದ ಊರಿಗೆ ಕಾಲುದಾರಿ. ಚಲುವಯ್ಯ ದೋಣಿಯಲ್ಲೇ ಉಳಿದ. ಊರಿನ ಮನೆಗಳ ಕದವೆಲ್ಲ ಮುಚ್ಚಿದ್ದವು. ಸುಡುವ ಹಗಲು, ಆದರೂ ಒಂದು ನಾಯಿ ಬೊಗಳಲಿಲ್ಲ, ಒಂದು ಕೋಳಿ ಕೆದಕಲಿಲ್ಲ. ಒಣಮೀನಿನ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಕೊನೆಯ ಮನೆಯ ಜಗಲಿಯ ಮೇಲೆ ಪುಟ್ಟಮಾದಮ್ಮ ಎಂಬ ಮುದುಕಿ ಕೂತಿದ್ದಳು. ಪಕ್ಕದಲ್ಲಿ ಮೊಮ್ಮಗ ಮಾದೇಶ್, ಚಿನ್ನುವಿನ ಓರಗೆಯವನು. ಚಿನ್ನು ಅವನ ಹೆಸರು ಕೇಳಿದಳು. ಹುಡುಗ ಬಾಯಿ ತೆರೆದ, ನಾಲಿಗೆ ಆಡಿಸಿದ. ಸದ್ದೇ ಬರಲಿಲ್ಲ.

ಅವರ ಮುಂದೊಂದು ಮೊರ. ಅದರಲ್ಲಿ ಒಡೆದ ಬಳೆ, ಕುಂಕುಮ ಮೆತ್ತಿದ ನಿಂಬೆಹಣ್ಣು, ನಡುವೆ ಬಣ್ಣದ ಮರದ ಗಿಲಕಿ.

ಮುದುಕಿ ಮುಚ್ಚುಮರೆಯಿಲ್ಲದೆ ಹೇಳಿದಳು. ಯಾರೋ ಮಾಟ ಮಾಡಿಸಿದ ಈ ಮೊರ ಊರ ಗಡಿಯಲ್ಲಿತ್ತಂತೆ. ಇಟ್ಟವರೇ ಬೇಡವೆಂದರೂ ಕೇಳದೆ ಸೊಸೆ ಗಿಲಕಿ ಎತ್ತಿ ಮಗುವಿಗೆ ಕೊಟ್ಟಳಂತೆ. ಮಾದೇಶನ ಮಾತು ಅಂದೇ ನಿಂತಿತು. ಸೊಸೆ ಕೊರಗಿ ಕೊರಗಿ ಹಿನ್ನೀರಿಗೆ ಹಾರಿದಳು.

"ಮುಟ್ಬ್ಯಾಡ ಕಣವ್ವ. ಮಗೀನ ಮಾತು ತಿಂತದೆ."

ನಂದಿತಾಳಿಗೆ ಸಿಟ್ಟು ಬಂತು. ಮಗುವನ್ನು ಆಸ್ಪತ್ರೆಗೆ ತೋರಿಸದೆ ಕತೆ ಕಟ್ಟಿಕೊಂಡು ಕೂತಿದ್ದೀರಲ್ಲ ಎಂದು ದಬಾಯಿಸಿದಳು. ತೋರಿಸಿದ್ದಾಯಿತು, ಗಂಟಲು ಚೆನ್ನಾಗೇ ಇದೆಯಂತೆ ಎಂದಳು ಮುದುಕಿ. ನಂದಿತಾ ಕೇಳಿಸಿಕೊಳ್ಳಲಿಲ್ಲ. ಬಗ್ಗಿ ಗಿಲಕಿ ಎತ್ತಿ ಚಿನ್ನುವಿನ ಕೈಗೆ ಕೊಟ್ಟಳು. ಗಿಲಗಿಲ. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಹೆದರಿದಳು ಎಂದುಕೊಂಡಳು ನಂದಿತಾ.

ದೋಣಿ ದಡ ಬಿಟ್ಟಿತ್ತಷ್ಟೆ. ಹಿಂದಿನಿಂದ ಒಂದು ಎಳೆಯ ದನಿ ಕೂಗಿತು.

"ಅಪ್ಪಾ!"

ದಡದಲ್ಲಿ ಮಾದೇಶ್ ನಿಂತಿದ್ದ. ಚಲುವಯ್ಯ ಹುಟ್ಟು ಕೈಬಿಟ್ಟು ಗೊಳೋ ಎಂದು ಅತ್ತ. ನಂದಿತಾ ಮಗಳ ಕಡೆ ತಿರುಗಿದಳು. ಚಿನ್ನು ಬಾಯಿ ತೆರೆದಿದ್ದಳು. ತುಟಿ ಆಡುತ್ತಿತ್ತು. ಅಮ್ಮ ಎನ್ನುತ್ತಿತ್ತು. ಸದ್ದಿಲ್ಲ. ಕತ್ತಿನ ನರ ಉಬ್ಬಿತು. ಕಣ್ಣು ತುಂಬಿತು. ಸದ್ದಿಲ್ಲ. ನಂದಿತಾ ಗಿಲಕಿ ಕಿತ್ತಳು. ನೀರಿಗೆ ಎಸೆದಳು. ಮುಳುಗಿತು. ಅವಳೇ ಕಿರುಚಿದಳು. ಮಗು ಕಿರುಚಲಿಲ್ಲ.

"ನಾನೂ ಬ್ಯಾಡ ಅಂದೆ, ನಮ್ಮವ್ವನೂ ಬ್ಯಾಡ ಅಂದ್ಲು," ಎಂದ ಚಲುವಯ್ಯ, ಕಣ್ಣೊರೆಸಿಕೊಳ್ಳುತ್ತ. "ಬ್ಯಾಡ ಅಂದ್ಮ್ಯಾಲೂ ಎತ್ಕಂಡೋರ ತಾವ್ಕೇ ಅದು ಓಗೋದು. ನೀವೂ ಯಾರ್ಗಾರ ಬ್ಯಾಡ ಅನ್ನಿ."

ರೆಸಾರ್ಟಿನ ಕೋಣೆಯ ಬಾಗಿಲಲ್ಲಿ ಗಿಲಕಿ ಕಾಯುತ್ತಿತ್ತು. ಒಂದು ಹನಿ ನೀರೂ ಅದಕ್ಕೆ ತಾಗಿರಲಿಲ್ಲ.

ಮರುದಿನ ತಿಂಡಿಯ ಹೊತ್ತು. ಚಿನ್ನು ಅಮ್ಮನ ತೊಡೆಯ ಮೇಲೆ ಮೂಕವಾಗಿ ಅಳುತ್ತಿದ್ದಳು. ಪಕ್ಕದ ಮೇಜಿನಿಂದ ಪುಟ್ಟ ಹುಡುಗಿಯೊಂದು ವಟವಟ ಎನ್ನುತ್ತ ಬಂತು. ನಂದಿತಾಳ ಮೇಜಿನ ಮೇಲಿದ್ದ ಗಿಲಕಿ ನೋಡಿ ಕೈ ಚಾಚಿತು.

"ಮುಟ್ಟಬೇಡ ಪುಟ್ಟಿ. ಮುಟ್ಟಿದರೆ ಮಾತು ಹೋಗತ್ತೆ," ಎಂದಳು ನಂದಿತಾ.

ಆ ಹುಡುಗಿಯ ತಾಯಿ ನಕ್ಕಳು. ನಂದಿತಾ ಗಿಲಕಿಯನ್ನು ಮೆಲ್ಲಗೆ ಮೇಜಿನ ಅಂಚಿಗೆ, ಮಗುವಿನ ಕೈಗೆ ಎಟುಕುವಷ್ಟು ಸರಿಸಿದಳು.